ದಾವಲಸಾಬರ ವಿಮಾನದ ನಡುಕ

ಹೋದ ತಿಂಗಳು ನಮ್ಮ ಓಣಿಯ ಬಾಣಂತಿಯ ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದರು. ನೆಲದ ಮೇಲೆ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಹಣತೆ, ಅದರ ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ. ನಾನು ಕಣ್ಣಿನ ಇಲಾಖೆಯವಳು. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಬೇಡಿ ಎಂದು ಹೇಳುವುದಕ್ಕೇ ಹೋಗಿದ್ದೆ. ಹೊಸ್ತಿಲು ದಾಟುವಷ್ಟರಲ್ಲಿ ಆ ಎಣ್ಣೆ ಸುಟ್ಟ ವಾಸನೆ ಬಂತು, ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ಒಳಗಿನಿಂದ ಯಾರೋ ‘ಬರ್ರಿ, ಕೂಡ್ರಿ’ ಅಂದದ್ದು ಬಹಳ ದೂರದಿಂದ ಕೇಳಿದಂತಾಯಿತು. ಉಳಿದವರಿಗೆಲ್ಲ ಅದು ಬಾಣಂತನದ ವಾಸನೆ. ನನಗೆ ಮಾತ್ರ ಅದು ವಿಮಾನದ ವಾಸನೆ, ಇಂಡಿ ಊರಿನ ಒಂದು ಚಳಿಗಾಲದ ವಾಸನೆ.

ಎಂಟು ವರ್ಷದ ಹಿಂದಿನ ಮಾತು. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಕೋಣೆ ಹಿಡಿದು ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕುಗಳ ಕಣ್ಣಿನ ಶಿಬಿರಗಳಿಗೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಡಾಕ್ಟರಲ್ಲ, ನೇತ್ರ ಸಹಾಯಕಿ. ಕಣ್ಣು ಪರೀಕ್ಷೆ ಮಾಡಿ, ಚಷ್ಮಾದ ನಂಬರು ಬರೆದು, ಪೊರೆ ಬಂದವರನ್ನು ಆಪರೇಷನ್ನಿಗೆ ಕಳಿಸುವವಳು. ಗದಗದ ಕಡೆಯಿಂದ ಬಂದ ಇಪ್ಪತ್ತಾರರ ಹುಡುಗಿಯನ್ನು ಅಲ್ಲಿಯ ಜನ, ನಾನು ಎಷ್ಟು ಸಲ ತಿದ್ದಿದರೂ, ಡಾಕ್ಟರಬಾಯಿ ಎಂದೇ ಕರೆದರು. ಕೊನೆಗೆ ತಿದ್ದುವುದನ್ನು ಬಿಟ್ಟೆ.

ನನ್ನ ಕೋಣೆ ದಾವಲಸಾಬರ ಮನೆಯ ಹಿತ್ತಲಿಗೆ ಅಂಟಿಕೊಂಡಿತ್ತು. ನಡುವೆ ಒಂದು ನಿಂಬೆ ಗಿಡ. ಹಿಂಗಾರು ಮಳೆ ಆಗಷ್ಟೇ ನಿಂತು, ಊರ ಸುತ್ತಲ ಕರಿ ಎರೆ ಹೊಲಗಳಲ್ಲಿ ಬಿಳಿಜೋಳ ಗೇಣುದ್ದ ಎದ್ದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ನಿಂಬೆ ಹೂವಿನ ವಾಸನೆ, ಅದರ ಜೊತೆಗೆ ಎಲ್ಲಿಂದಲೋ ಸುಟ್ಟ ಔಡಲೆಣ್ಣೆ. ಮೊದಲ ವಾರ ಯಾರೋ ಕಾಡಿಗೆ ಮಾಡುತ್ತಾರೆ ಅಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಹಿತ್ತಲಿನ ತಗಡಿನ ಶೆಡ್ಡಿನಿಂದ ಗೊರ್ರೆಂದು ಸದ್ದು ಎದ್ದು, ನನ್ನ ಕಪಾಟಿನ ಸ್ಟೀಲು ತಟ್ಟೆಗಳೆಲ್ಲ ಸಣ್ಣಗೆ ನಡುಗಿದವು.

‘ಹೆದರಬ್ಯಾಡ್ರಿ ಬಾಯಾರ,’ ಎಂದು ಗಿಡದ ಆಚೆಯಿಂದ ಹೆಣ್ಣುದನಿ ಬಂತು. ‘ನಮ್ಮ ಮನಿಯವರ ವಿಮಾನ ಅದು. ಹಾರಂಗಿಲ್ಲ, ಬರೇ ಒದರತೈತಿ.’

ಹಾಗೆ ಪರಿಚಯವಾದವರು ರಾಜಮಾ, ದಾವಲಸಾಬರ ಹೆಂಡತಿ. ಅರವತ್ತರ ಹತ್ತಿರ ಹತ್ತಿರ. ಗಿಡದ ನೆರಳಲ್ಲಿ ಚಾಪೆ ಹಾಸಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಲುಂಗಿ, ಯೂನಿಫಾರಮ್ಮಿನ ತುಂಡುಗಳನ್ನು ಪದರು ಪದರಾಗಿಟ್ಟು ಇರುವೆ ಸಾಲಿನಂಥ ಹೊಲಿಗೆ ಹಾಕುವುದು. ಕೂತು ಮಾತಾಡುತ್ತಿದ್ದಾಗ ಒಂದು ಸಂಗತಿ ಕಂಡೆ. ಸೂಜಿಗೆ ದಾರವನ್ನು ಅವರು ಒಂದೇ ಸಲಕ್ಕೆ ಪೋಣಿಸಿದರು. ಆದರೆ ಮೊಣಕಾಲ ಪಕ್ಕದಲ್ಲೇ ಬಿದ್ದಿದ್ದ ಕತ್ತರಿ ಅವರಿಗೆ ಸಿಗಲಿಲ್ಲ. ಚಾಪೆಯ ಮೇಲೆಲ್ಲ ಕೈಯಾಡಿಸಿ ಹುಡುಕಿದರು.

‘ಇಲ್ಲೇ ಇತ್ತಲ್ಲ, ಎಲ್ಲಿ ಹೋತು ಇದು? ಈ ಮನ್ಯಾಗ ಸಾಮಾನೆಲ್ಲ ತಾವಾಗೇ ನಡದಾಡತಾವ ನೋಡ್ರಿ.’

ನಡುವಿನದು ಕಂಡು ಬದಿಯದು ಕಾಣದಿರುವುದಕ್ಕೆ ನಮ್ಮ ಕೆಲಸದಲ್ಲಿ ಒಂದು ಹೆಸರಿದೆ. ಅವರ ಎದುರು ಕೂತು, ನನ್ನ ಮೂಗನ್ನೇ ನೋಡಿ ಅಂದೆ. ಕೈ ಚಾಚಿ ಬದಿಯಿಂದ ಬೆರಳನ್ನು ಮೆಲ್ಲಗೆ ಒಳಗೆ ತಂದೆ. ಬೆರಳು ನನ್ನ ಕೆನ್ನೆಗೆ ತಾಗುವವರೆಗೂ ರಾಜಮಾ ‘ಕಾಣವಲ್ದು, ಕಾಣವಲ್ದು’ ಎನ್ನುತ್ತಲೇ ಇದ್ದರು. ಕಣ್ಣಿನ ಒಳಗಿನ ಒತ್ತಡ ಹೆಚ್ಚಿ ನರ ಒಣಗುವ ಗ್ಲಾಕೋಮಾ. ಹನಿ ಹಾಕಿದರೆ ಒಣಗುವುದು ನಿಧಾನವಾಗಬಹುದು. ಹೋದದ್ದು ಮರಳಿ ಬರುವುದಿಲ್ಲ.

‘ಏನಾಗೇತ್ರಿ?’ ಎಂದು ಕೇಳಿದರು.

‘ಏನಿಲ್ಲ, ಹನಿ ಹಾಕೂನು. ಸರಿ ಹೋಗತೈತಿ,’ ಅಂದೆ.

ಈ ಮಾತನ್ನು ಯಾಕೆ ಆಡಿದೆನೋ. ವಿಜಯಪುರದ ತಜ್ಞರು ನೋಡಿ ಹೇಳಲಿ ಎಂಬ ನೆಪವಿತ್ತು. ನಿಜವೆಂದರೆ, ಆ ಬಿಸಿಲಿನಲ್ಲಿ, ಆ ಗಿಡದ ಕೆಳಗೆ, ಆ ಕೌದಿಯ ಎದುರು ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ.

ದಾವಲಸಾಬರು ವಾಯುಸೇನೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಮೀಸೆ ಚಿಗುರುವಾಗ ಹೋದವರು ತಲೆ ನರೆತ ಮೇಲೆ ಬಂದರು. ಅಷ್ಟೂ ವರ್ಷ ರಾಜಮಾ ಅತ್ತೆಯನ್ನು ನೋಡಿಕೊಂಡು ಇಂಡಿಯಲ್ಲೇ ಉಳಿದರು. ಗಂಡ ದಿನಾ ಮುಟ್ಟುವ ವಿಮಾನಗಳನ್ನು ಅವರು ಕಂಡದ್ದು ಪತ್ರಗಳಲ್ಲಿ ಮಾತ್ರ. ನೌಕರಿಯ ಕೊನೆಯ ದಿನಗಳಲ್ಲಿ ಸಾಬರಿಗೆ ಒಂದು ಹಳೆಯ ಯುದ್ಧವಿಮಾನವನ್ನು ಒಪ್ಪಿಸಿದ್ದರಂತೆ. ಮಹಾಯುದ್ಧದ ಕಾಲದ್ದು, ಮೂಗಿಗೆ ಪಂಖ ಇದ್ದದ್ದು, ಪ್ರದರ್ಶನಕ್ಕೆ ನಿಲ್ಲಿಸುವಂಥದ್ದು. ಅದರ ಎಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ ಚಾಲೂ ಮಾಡಿದ್ದರು.

‘ಹುಲಿ ಗುರುಗುಟ್ಟಿದಂಗ ಓಡ್ತುರಿ ಬಾಯಾರ. ನಾವು ನಾಕ ಮಂದಿ ಬಾಯಿ ತಕ್ಕೊಂಡು ನಿಂತಿದ್ವಿ. ಆದ್ರ ನೆಲಾ ಬಿಡಲಿಲ್ಲ. ಹಾರಸೂ ಹುಕುಂ ಇರಲಿಲ್ಲ. ಅಷ್ಟಕ್ಕ ನಿವೃತ್ತಿ ಬಂತು.’

ಶೆಡ್ಡಿನಲ್ಲಿದ್ದದ್ದು ಆ ವಿಮಾನದ ಮಾದರಿ. ಹಗುರ ಕಟ್ಟಿಗೆಯ ಎಲುಬು, ಮೇಲೆ ತೆಳುವಾದ ಹೊದಿಕೆ, ಬೂದಿ ಹಸಿರು ಬಣ್ಣ. ರೆಕ್ಕೆಯಿಂದ ರೆಕ್ಕೆಗೆ ಒಬ್ಬ ಆಳು ಮಲಗುವಷ್ಟು ಉದ್ದ. ಮೂಗಿನಲ್ಲಿ ಮುಷ್ಟಿ ಗಾತ್ರದ ಎಂಜಿನ್ನು, ಮೆಥನಾಲಿಗೆ ಔಡಲೆಣ್ಣೆ ಬೆರೆಸಿದ ಇಂಧನ. ಎರಡು ಕಡ್ಡಿಗಳಿರುವ ರೇಡಿಯೋ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೆಲದಿಂದಲೇ ಹಾರಿಸುವುದು.

ನಾನು ಬೆರಗಾಗಿ ನೋಡುತ್ತಿದ್ದಾಗ ರಾಜಮಾ ಬಾಗಿಲಲ್ಲಿ ನಿಂತು ಗಂಡನಿಗೆ ಅಂದರು: ‘ಮೂರ ವರ್ಷಾತ್ರಿ ಕಟ್ಟಾಕ ಹತ್ತಿ. ನನ್ನ ಕಣ್ಣಿಗೆ ಏನೋ ಆಗಾಕತ್ತೈತಿ, ಬಾಯಾರು ಹನಿ ಕೊಟ್ಟಾರ. ಇನ್ನ ತಡಾ ಮಾಡಬ್ಯಾಡ್ರಿ. ಒಮ್ಮೆ ಹಾರಿಸಿ ತೋರಸ್ರಿ.’

ಅಷ್ಟು ಹೇಳಿ ಒಳಗೆ ಹೋದರು. ದಾವಲಸಾಬರು ನನ್ನ ಮುಖ ನೋಡಿದರು. ನಾನು ವಿಮಾನ ನೋಡಿದೆ.

ಆ ಚಳಿಗಾಲದ ಭಾನುವಾರಗಳೆಲ್ಲ ನನಗೆ ಈಗ ಒಂದೇ ಉದ್ದನೆಯ ಭಾನುವಾರದಂತೆ ನೆನಪಾಗುತ್ತವೆ. ಸಾಬರ ಹಳೆಯ ವ್ಯಾನಿನ ಹಿಂದಿನ ಸೀಟು ತೆಗೆದು ವಿಮಾನವನ್ನು ಕೌದಿಗಳ ಮೇಲೆ ಮಲಗಿಸುತ್ತಿದ್ದೆವು. ಮುಂದೆ ಅವರಿಬ್ಬರು, ಹಿಂದೆ ವಿಮಾನದ ಬಾಲ ಹಿಡಿದು ನಾನು. ರಸ್ತೆಯ ಎರಡೂ ಬದಿಗೆ ತೊಗರಿ, ಕಡಲೆ, ಸೂರ್ಯಕಾಂತಿ. ದಿಗಂತದವರೆಗೂ ಒಂದು ಗುಡ್ಡ ಅಡ್ಡ ಬರುವುದಿಲ್ಲ. ಆಕಾಶ ಎಷ್ಟು ದೊಡ್ಡದಿತ್ತೆಂದರೆ, ನಾವೇ ಯಾವುದೋ ತಟ್ಟೆಯ ನಡುವೆ ತೆವಳುವ ಇರುವೆಗಳೆನಿಸುತ್ತಿತ್ತು.

ಇಂಡಿಯ ಸುತ್ತ ನಿಂಬೆ ತೋಟಗಳು, ಕರೆಂಟಿನ ತಂತಿಗಳು. ಹಾಗಾಗಿ ಮೊದಲ ಸಲ ಸಿಂದಗಿ ದಾಟಿ ಒಂದು ಬೀಳು ಹೊಲಕ್ಕೆ ಹೋದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ದಾವಲಸಾಬರು ಪಂಖಕ್ಕೆ ಹೊಡೆತ ಕೊಟ್ಟರು, ಎಂಜಿನ್ನು ಒದರಿತು, ವಿಮಾನ ಕುಂಟುತ್ತ ಓಡಿ ನಿಜಕ್ಕೂ ನೆಲ ಬಿಟ್ಟಿತು. ನಾನು ಚಪ್ಪಾಳೆ ಹೊಡೆದೆ. ರಾಜಮಾ ಹಣೆಗೆ ಕೈ ಅಡ್ಡ ಹಿಡಿದು ‘ಎಲ್ಲಿ? ಎಲ್ಲಿ?’ ಎಂದು ಆಕಾಶವನ್ನು ತಡಕುತ್ತಿದ್ದರು. ಅವರು ಕತ್ತು ತಿರುಗಿಸಿ ಸರಿಯಾದ ದಿಕ್ಕಿಗೆ ಬರುವ ಮೊದಲೇ ಮೇಲೆ ಸದ್ದು ಕೆಮ್ಮಿತು, ನಿಂತಿತು. ವಿಮಾನ ತೇಲುತ್ತ ಬಂದು ತೊಗರಿ ಹೊಲದಲ್ಲಿ ಇಳಿಯಿತು. ಗಾಲಿ ಮುರಿಯಿತು, ಉಳಿದದ್ದು ಸರಿಯಿತ್ತು.

‘ಇಂಧನ ಮುಗೀತೇನ್ರಿ?’ ಎಂದೆ.

ಸಾಬರು ಇಂಧನದ ಟಾಕಿ ತೆಗೆದು ಬೆಳಕಿಗೆ ಹಿಡಿದರು. ಅರ್ಧ ತುಂಬಿತ್ತು. ಆದರೆ ಒಳಗಿದ್ದದ್ದು ಎಣ್ಣೆಯಂತೆ ಕಾಣಲಿಲ್ಲ. ಕಡೆದ ಮಜ್ಜಿಗೆಯಂತೆ ನೊರೆ ನೊರೆಯಾಗಿತ್ತು.

‘ಇದ ನೋಡ್ರಿ ಕಾರಣ. ನಡುಕ. ಎಂಜಿನ್ನಿನ ನಡುಕ ಟಾಕಿಗೆ ಹೊಕ್ಕು ಎಣ್ಣಿ ಕಡದೈತಿ. ಎಂಜಿನ್ನಿಗೆ ಎಣ್ಣಿ ಬದಲಿ ಗಾಳಿ ಹೋಗೇತಿ, ಉಸಿರುಗಟ್ಟಿ ನಿಂತೈತಿ.’

ಮನೆಗೆ ಬಂದವರು ನಡುಕದ ಬೆನ್ನು ಹತ್ತಿದರು. ಎಂಜಿನ್ನು ಕೂತಿದ್ದು ಮೂಗಿನ ಹಿಂದಿನ ಒಂದು ಕಟ್ಟಿಗೆಯ ಅಡ್ಡಗೋಡೆಯ ಮೇಲೆ. ಲೋಹದ ಹಿಡಿಕೆಯೊಂದಕ್ಕೆ ಎಂಜಿನ್ನನ್ನು ಬಿಗಿದು, ಆ ಹಿಡಿಕೆಯನ್ನು ನಾಲ್ಕು ಬೋಲ್ಟುಗಳಿಂದ ಗೋಡೆಗೆ ಬಿಗಿದಿದ್ದರು. ನಡುಕ ದಾಟಬಾರದೆಂದು ಹಿಡಿಕೆಗೂ ಗೋಡೆಗೂ ನಡುವೆ ಟ್ರ್ಯಾಕ್ಟರ್ ಟ್ಯೂಬಿನ ದಪ್ಪ ರಬ್ಬರ್ ಹಾಕಿದರು. ಬೋಲ್ಟಿನ ಕೆಳಗೂ ರಬ್ಬರ್. ನನಗದು ಬಹಳ ಸರಿ ಕಂಡಿತು. ನಡುಗುವವರನ್ನು ಮೆತ್ತನೆಯ ಹಾಸಿಗೆಯಲ್ಲಿ ಮಲಗಿಸುವುದು ತಾನೆ ನಾವು ಮಾಡುವುದು.

ಎರಡನೆಯ ಸಲ ಬಸವನ ಬಾಗೇವಾಡಿಯ ಕಡೆ ಒಂದು ಕಲ್ಲುನೆಲದ ಮಡ್ಡಿ ಬಯಲು. ದೂರದಲ್ಲಿ ಕೃಷ್ಣೆಯ ಹಿನ್ನೀರು ತೆಳ್ಳಗೆ ಬೆಳ್ಳಿ ಗೆರೆಯಂತೆ ಹೊಳೆಯುತ್ತಿತ್ತು. ಈ ಸಲ ವಿಮಾನ ಚೆನ್ನಾಗೇ ಏರಿತು. ಒಂದು ಸುತ್ತು ಬಂದಿತು. ಎರಡನೆಯ ಸುತ್ತಿನಲ್ಲಿ ಸಾಬರ ಮುಖ ಬಿಳಿಚಿತು.

‘ಮಾತ ಕೇಳವಲ್ದು,’ ಎಂದರು ಮೆಲ್ಲಗೆ. ಅವರು ಎಡಕ್ಕೆ ಕಡ್ಡಿ ತಳ್ಳುತ್ತಿದ್ದರು, ವಿಮಾನ ಒಮ್ಮೆ ತಿರುಗುತ್ತಿತ್ತು, ಒಮ್ಮೆ ಇಲ್ಲ. ಆಮೇಲೆ ಅದು ತನ್ನಷ್ಟಕ್ಕೆ ಬಾಗಿ, ಒಂದು ಬದಿಯ ರೆಕ್ಕೆಯನ್ನು ಮುಂದೆ ಮಾಡಿ, ಜಾಲಿಯ ಮುಳ್ಳುಕಂಟಿಗೆ ಬಿತ್ತು.

ಓಡಿಹೋಗಿ ನೋಡಿದರೆ ಎಂಜಿನ್ನು ರಬ್ಬರಿನ ಮೇಲೆ ಹಲ್ಲು ಸಡಿಲಾದಂತೆ ಅಲ್ಲಾಡುತ್ತಿತ್ತು. ಒಂದು ಬೋಲ್ಟು ಉದುರಿಯೇ ಹೋಗಿತ್ತು. ಒಳಗೆ ರೇಡಿಯೋ ಸಂದೇಶ ಹಿಡಿಯುವ ಸಣ್ಣ ಡಬ್ಬಿಯ ತಂತಿ ಕುಣಿದು ಕುಣಿದು ಕಿತ್ತು ಬರುವಂತಾಗಿತ್ತು. ಮೆತ್ತಗೆ ಮಾಡಿದ್ದೇ ನಡುಕವನ್ನು ಹೆಚ್ಚಿಸಿತ್ತು. ದಾವಲಸಾಬರು ಮುರಿದ ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು.

‘ನಲವತ್ತ ವರ್ಷ ಎಂಜಿನ್ನಿನ ಕೂಡ ಇದ್ದೇನಿ,’ ಎಂದರು. ‘ಇಷ್ಟ ಸಣ್ಣದು ನನ್ನ ಮಾತ ಕೇಳವಲ್ದಲ್ಲ.’

ರಾಜಮಾ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಬಂದರು, ಅಥವಾ ನೋಡುವ ಹಾಗೆ ಕೂತು ಬಂದರು.

ಮರುವಾರ ನಾನೇ ಅವರನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಕಣ್ಣಿನ ತಜ್ಞರು ಕಾಗದದ ಮೇಲೆ ರಾಜಮಾರ ನೋಟದ ನಕ್ಷೆ ತೆಗೆದು ನನ್ನ ಕೈಗಿತ್ತರು. ಕಪ್ಪು ಕಾಗದದ ನಡುವೆ ಕಣ್ಣಿಗೊಂದರಂತೆ ಎರಡು ಬಿಳಿ ತೂತು, ಅಷ್ಟೇ. ಹೊರಗೆ ಬೆಂಚಿನ ಮೇಲೆ ಕೂತಿದ್ದ ರಾಜಮಾ ನನ್ನ ಹೆಜ್ಜೆ ಸಪ್ಪಳ ಕೇಳಿ ಎದ್ದರು.

‘ಸರಿ ಹೋಗತೈತೇನ್ರಿ?’

ಈ ಸಲ ಸುಳ್ಳಾಡಲು ನನ್ನಿಂದ ಆಗಲಿಲ್ಲ. ‘ಇಲ್ರಿ. ಹೋದದ್ದು ಬರೂದಿಲ್ಲ. ಹನಿ ಹಾಕಿದ್ರ ಇದ್ದದ್ದು ಇನ್ನೂ ಸ್ವಲ್ಪ ದಿನ ಉಳೀತೈತಿ.’

‘ನಿಮಗ ಇದು ಇವತ್ತ ಗೊತ್ತಾತೇನು?’

‘ಇಲ್ಲ. ಮೊದಲನೇ ದಿನಾನ ಗೊತ್ತಿತ್ತು.’

ಅವರು ನನ್ನ ಕೈ ಹಿಡಿಯಲಿಲ್ಲ, ಅಳಲಿಲ್ಲ. ‘ದಿನಾ ನಸಕಿನ್ಯಾಗ ಎದ್ದು, ಹನಿ ಹಾಕ್ಕೊಂಡು, ಇವತ್ತರೆ ಬದಿಗಿಂದು ಕಾಣತೈತೇನು ಅಂತ ಕುಂತ ನೋಡತಿದ್ದೆ. ಎರಡ ತಿಂಗಳು. ನೀವು ಗ್ವಾಡಿ ಆಚಿ ಚಾ ಕುಡದು ಡ್ಯೂಟಿಗೆ ಹೋಗತಿದ್ರಿ,’ ಎಂದರು. ಇಷ್ಟನ್ನು ಶಾಂತವಾಗೇ ಹೇಳಿದರು. ನಾನು ಬಸ್ಸಿನಲ್ಲಿ ಅವರ ಪಕ್ಕ ಕೂತು ಇಂಡಿಯವರೆಗೆ ಬಂದೆ.

ಹದಿನೈದು ದಿನ ರಾಜಮಾ ಗಿಡದ ಕೆಳಗೆ ಚಾಪೆ ಹಾಸಲಿಲ್ಲ. ಶೆಡ್ಡಿನಿಂದ ಸದ್ದೂ ಬರಲಿಲ್ಲ. ಜೋಳ ಎದೆಯುದ್ದ ಬೆಳೆದು ತೆನೆಯಲ್ಲಿ ಹಾಲು ತುಂಬಿತ್ತು. ಸಂಜೆ ಹೊಲಗಳ ಕಡೆಯಿಂದ ಸೀತನಿಗೆಂದು ಎಳೆ ತೆನೆ ಸುಡುವ ಹೊಗೆ ಊರಿನ ಮೇಲೆ ತೆಳುವಾಗಿ ಹರಡುತ್ತಿತ್ತು. ನಾನು ಶಿಬಿರಗಳಿಗೆ ಹೋಗಿ ಸಾಲು ಸಾಲು ಮುದುಕಿಯರ ಕಣ್ಣಿಗೆ ಟಾರ್ಚು ಬಿಡುತ್ತಿದ್ದೆ. ಪ್ರತಿಯೊಬ್ಬರಿಗೂ ಇದ್ದದ್ದನ್ನು ಇದ್ದ ಹಾಗೇ ಹೇಳಲು ಆಗ ಕಲಿತೆ.

ಕಟ್ಟಿದ್ದ ಗಂಟು ಬಿಚ್ಚಿದ್ದು ಯಂಕಂಚಿಯ ಗಂಗವ್ವ. ಸಿಂದಗಿ ಶಿಬಿರದಲ್ಲಿ ನಾನು ಪೊರೆಯ ಆಪರೇಷನ್ನಿಗೆ ಕಳಿಸಿದ್ದ ಹೆಂಗಸು, ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕಣ್ಣು ಬಂದ ಖುಷಿಗೆ ಸೀತನಿ ತಿನ್ನಲು ಬಾ ಎಂದು ಹಟ ಹಿಡಿದಳು. ನಾನು ಧೈರ್ಯ ಮಾಡಿ ರಾಜಮಾರ ಬಾಗಿಲಿಗೆ ಹೋಗಿ ನಿಂತೆ.

‘ಯಂಕಂಚಿಗೆ ಹೊಂಟೇನ್ರಿ. ನೀವೂ ಬರ್ರಿ.’

‘ನನಗೇನ ತೋರಸ್ತೀರಿ ಅಲ್ಲಿ?’

‘ತೋರಸೂದೇನಿಲ್ಲ. ತಿನ್ನಾಕ ಬರ್ರಿ.’

ಒಳಗಿನಿಂದ ದಾವಲಸಾಬರು ಜೋರಾಗಿ ನಕ್ಕರು. ರಾಜಮಾ ಸೆರಗು ಹೊದ್ದು ಹೊರಬಂದರು.

ಸುಟ್ಟ ಎಳೆ ಜೋಳ, ಶೇಂಗಾ ಚಟ್ನಿಪುಡಿ, ಬೆಲ್ಲ, ಮೊಸರು. ತಿನ್ನುತ್ತ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದೆವು. ಒಳಗೆ ದೊಡ್ಡ ಡೀಸೆಲ್ ಎಂಜಿನ್ನು ಡಬಡಬ ಹೊಡೆಯುತ್ತಿತ್ತು. ದಾವಲಸಾಬರು ತಿನ್ನುವುದನ್ನು ನಿಲ್ಲಿಸಿದರು. ಒಳಗೆ ಎಂಜಿನ್ನು ಕೂತ ಕಟ್ಟೆಯ ಮೇಲೇ ಗಂಗವ್ವನ ಚಹದ ಬಟ್ಟಲಿತ್ತು, ಅದರಲ್ಲಿ ತುಂಬಿದ ಚಹ. ಚಹದ ಮೇಲೆ ಒಂದು ಸುಕ್ಕೂ ಇರಲಿಲ್ಲ.

‘ಇದರ ಬುಡಕ ಏನ ಹಾಕೀಯವ್ವಾ? ರಬ್ಬರ?’ ಎಂದು ಕೂಗಿ ಕೇಳಿದರು.

‘ರಬ್ಬರ ಹಾಕಿದ್ವಿ ಮೊದಲ,’ ಗಂಗವ್ವ ಹಿಟ್ಟಿನ ಕೈ ಕೊಡವುತ್ತ ಬಂದಳು. ‘ಮಂಗ್ಯಾನಂಗ ಕುಣೀತಿತ್ತು. ಗ್ವಾಡಿ ಸೀಳಿತು. ನಮ್ಮ ಮಿಸ್ತ್ರಿ ಬಂದು ಬೈದ. ಕುಣಿಯಾವಗ ಗಾದಿ ಹಾಸಬ್ಯಾಡ, ಬುನಾದಿ ಹಾಕು ಅಂದ. ಎದಿಮಟ ತೆಗ್ಗು ತೋಡಿ, ಕಲ್ಲು ತುಂಬಿ, ಸಿಮೆಂಟ್ ಸುರದು, ಅದಕ್ಕ ಬಿಗದ್ವಿ. ಈಗ ನೆಲಾ ಎಲ್ಲಾ ಕೂಡಿ ಹಿಡಕೊಂಡೈತಿ ಅದನ್ನ.’

ಸಾಬರು ಅರ್ಧ ತಿಂದ ಸೀತನಿಯನ್ನು ಅಲ್ಲೇ ಬಿಟ್ಟು ವ್ಯಾನಿನ ಕಡೆ ನಡೆದರು.

ಆ ಸಂಜೆಯೇ ಎಂಜಿನ್ನನ್ನು ರಬ್ಬರಿಲ್ಲದೆ ಬಿಗಿದು, ವಿಮಾನದ ಬಾಲವನ್ನು ನಿಂಬೆ ಗಿಡಕ್ಕೆ ಕಟ್ಟಿ ಚಾಲೂ ಮಾಡಿದರು. ನಡುಕ ಎಲ್ಲಿಂದ ಏಳುತ್ತದೆಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಮೈಯೆಲ್ಲ ಒಂದೇ ಸಮ ನಡುಗುವಂತಿತ್ತು. ರಾಜಮಾ ಹಿಂದಿನಿಂದ ಬಂದು ಗಂಡನ ಭುಜ ಸರಿಸಿದರು. ಪಂಖದಿಂದ ದೂರ, ರೆಕ್ಕೆಯ ಹಿಂದೆ ಕೂತು ವಿಮಾನದ ಮೈಮೇಲೆ ಎರಡೂ ಅಂಗೈ ಇಟ್ಟರು. ಕೌದಿಯ ಹೊಲಿಗೆ ಸಡಿಲಾದದ್ದನ್ನು ಹುಡುಕುವ ಹಾಗೆ ಬೆರಳುಗಳು ಮೆಲ್ಲಗೆ ಮುಂದೆ ಹೋದವು, ಹೊಟ್ಟೆಯ ಕೆಳಗೆ ಇಳಿದವು, ಒಂದು ಕಡೆ ನಿಂತವು.

‘ಇಲ್ಲಿ. ಬ್ಯಾರೆ ಕಡೆ ಎಲ್ಲಾ ಜುಂ ಅಂತೈತಿ. ಇಲ್ಲಿ ಮಾತ್ರ ಪಟಪಟ ಅಂತೈತಿ, ಬಾಯಿ ಬಿಟ್ಟಂಗ.’

ಎಂಜಿನ್ನು ನಿಲ್ಲಿಸಿ ಆ ಜಾಗ ಕೊಯ್ದು ನೋಡಿದರು. ಮೂಗಿನ ಅಡ್ಡಗೋಡೆ ವಿಮಾನದ ಮೈಗೆ ಕೂಡುವ ಮೂಲೆಯಲ್ಲಿ ಅಂಟು ಬಿಟ್ಟಿತ್ತು. ಸೋರಿದ ಎಣ್ಣೆ ಕುಡಿದು ಕಟ್ಟಿಗೆ ಮೆತ್ತಗಾಗಿತ್ತು. ಹೊರಗಿನ ಬಣ್ಣ ಮಾತ್ರ ನೆಟ್ಟಗಿತ್ತು. ದಾವಲಸಾಬರು ಬೆರಳು ತೂರಿಸಿ ಆ ಸೀಳನ್ನು ಮುಟ್ಟಿದರು, ಹೆಂಡತಿಯ ಕೈಗಳನ್ನು ನೋಡಿದರು.

‘ನೀ ನಮ್ಮ ಸ್ಕ್ವಾಡ್ರನ್ನಿನ್ಯಾಗ ಇರಬೇಕಾಗಿತ್ತು ನೋಡು,’ ಅಂದರು.

‘ಕರಕೊಂಡ ಹೋಗಿದ್ರ ಇರತಿದ್ದೆ,’ ಅಂದರು ರಾಜಮಾ.

ಆಮೇಲಿನ ಒಂದು ತಿಂಗಳು ನನ್ನ ಬದುಕಿನ ಬಲು ಚೆಂದದ ತಿಂಗಳು. ಬೆಳಗಿನ ಚಳಿಯಲ್ಲಿ ಮೂವರೂ ಶೆಡ್ಡಿನಲ್ಲಿ ಕೂಡುತ್ತಿದ್ದೆವು. ಹಳೆಯ ಅಡ್ಡಗೋಡೆ ಕಿತ್ತು, ಎರಡು ಪದರು ಗಟ್ಟಿ ಪ್ಲೈವುಡ್ ಕೂಡಿಸಿ ಹೊಸದು ಮಾಡಿದರು. ಒಳಮೂಲೆಗಳಿಗೆಲ್ಲ ತೇಗದ ಮುಮ್ಮೂಲೆ ತುಂಡುಗಳನ್ನು ಅಂಟಿಸಿದರು. ಮತ್ತೆ ಎಣ್ಣೆ ಕುಡಿಯದಂತೆ ಮೇಲೆ ಅಂಟಿನ ಪದರು ಸವರಿದರು. ಎಂಜಿನ್ನನ್ನು ನೇರವಾಗಿ, ಬಿಗಿಯಾಗಿ ಅದಕ್ಕೇ ಕೂಡಿಸಿದರು. ಮೆತ್ತನೆಯದು ಬೇಕಾದದ್ದು ಬೇರೆ ಕಡೆ. ಟಾಕಿಗೆ ಮತ್ತು ರೇಡಿಯೋ ಡಬ್ಬಿಗೆ ಸ್ಪಂಜು ಸುತ್ತಿ, ಕಟ್ಟಿಗೆಗೆ ಎಲ್ಲೂ ತಾಗದಂತೆ ಇಟ್ಟರು. ಆ ಸ್ಪಂಜಿನ ಮೇಲೆ ರಾಜಮಾ ಅಂಗೈ ಅಗಲದ ಎರಡು ಕೌದಿ ಹೊಲಿದುಕೊಟ್ಟರು, ಬೆರಳಲ್ಲೇ ದಾರಿ ಹುಡುಕಿ. ಹೊಲಿಗೆ ಅಲ್ಲಲ್ಲಿ ಸಾಲು ತಪ್ಪಿತ್ತು. ಅದನ್ನು ಅವರೂ ಬಲ್ಲರು, ನಾವೂ ಬಲ್ಲೆವು.

ಕೊನೆಗೆ ಪಂಖ. ನಡುವಿನ ತೂತಿಗೆ ಸೂಜಿ ತೂರಿಸಿ, ಸೂಜಿಯ ತುದಿಗಳನ್ನು ಎರಡು ಬಟ್ಟಲ ಅಂಚಿನ ಮೇಲೆ ಮಲಗಿಸಿದರೆ ಒಂದು ಎಸಳು ಪ್ರತಿ ಸಲವೂ ಕೆಳಗೆ ವಾಲುತ್ತಿತ್ತು. ಭಾರವಾದ ಆ ಎಸಳನ್ನು ಮರಳು ಕಾಗದದಿಂದ ತೀಡುವುದು, ಇಡುವುದು, ಮತ್ತೆ ತೀಡುವುದು. ಆ ಕೆಲಸ ನನಗೆ ಬಿತ್ತು. ಒಂದು ಬೆಳಿಗ್ಗೆ ಪಂಖ ಎತ್ತಲೂ ವಾಲದೆ, ನೀರಿನ ಮೇಲಿನ ಎಲೆಯ ಹಾಗೆ ಸುಮ್ಮನೆ ಮಲಗಿತು. ನಾನು ಉಸಿರು ಬಿಡಲೂ ಹೆದರಿದೆ. ಸಾಬರು ಎಂಜಿನ್ನು ಚಾಲೂ ಮಾಡಿ ರೆಕ್ಕೆಯ ಮೇಲೆ ನೀರಿನ ಬಟ್ಟಲಿಟ್ಟರು. ನೀರಿನಲ್ಲಿ ನಿಂಬೆ ಎಲೆಗಳ ಬಿಂಬವಿತ್ತು, ಬೆಳಗಿನ ಆಕಾಶವಿತ್ತು. ಬಿಂಬ ಸ್ವಲ್ಪ ಮಸುಕಾಯಿತು, ಒಡೆಯಲಿಲ್ಲ. ಸದ್ದೂ ಬೇರೆಯಾಗಿತ್ತು. ಮೊದಲಿನ ಒದರಾಟ ಹೋಗಿ ಯಾರೋ ಬಾಯಿ ಮುಚ್ಚಿ ಹಾಡುವಂತೆ ಕೇಳುತ್ತಿತ್ತು.

ಜೋಳದ ರಾಶಿ ಮುಗಿದ ಮೇಲೆ ತಂಗಡಗಿಗೆ ಹೋದೆವು. ಮುದ್ದೇಬಿಹಾಳ ದಾಟಿ ಕೃಷ್ಣೆಯ ದಂಡೆಗೆ ಇರುವ ಊರು. ಸಾಬರ ಹಳೆಯ ಗೆಳೆಯರೊಬ್ಬರ ಹೊಲ, ಕೊಯ್ದು ಬರಿದಾಗಿತ್ತು. ಬೆಳ್ಳಗಿನ ಕೂಳೆ, ಬದುವಿಗೆ ಒಣ ಜೋಳದ ದಂಟಿನ ಬಣವೆ, ಆಚೆಗೆ ಹೊಳೆ. ನೀರಿನ ಮೇಲೆ ಮಂಜು ನಿಂತಿತ್ತು, ಗಾಳಿ ಇನ್ನೂ ಎದ್ದಿರಲಿಲ್ಲ.

ವಿಮಾನ ಏರಿತು. ಮಂಜಿನ ಅಂಚಿನಿಂದ ಬಿಸಿಲಿಗೆ ಹೋಯಿತು, ಹೊಳೆಯ ಮೇಲೆ ಅಗಲವಾಗಿ ಬಾಗಿ ತಿರುಗಿ ಬಂತು. ಸದ್ದು ಒಂದೇ ಸಮ. ಒಂದು ಸುತ್ತು, ಎರಡು, ಐದು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾನು ರಾಜಮಾರ ಗದ್ದ ಹಿಡಿದು ತಿರುಗಿಸುತ್ತಿದ್ದೆ. ‘ಈ ಕಡೆ, ಈಗ ಈ ಕಡೆ.’ ಅವರ ಸಣ್ಣ ತೂತಿನ ನೋಟದೊಳಗೆ ಆ ಸಣ್ಣ ವಿಮಾನ ಸಿಕ್ಕಲೇ ಇಲ್ಲ. ದಾವಲಸಾಬರಿಗೆ ಅರ್ಥವಾಯಿತು. ವಿಮಾನವನ್ನು ಕೆಳಗಿಳಿಸಿ, ವೇಗ ತಗ್ಗಿಸಿ, ನಮ್ಮ ಎದುರೇ ಬಣವೆಯಷ್ಟು ಎತ್ತರದಲ್ಲಿ ನೇರವಾಗಿ ತಂದರು. ಸಿಗಲಿಲ್ಲ. ಮತ್ತೆ ತಂದರು, ಇನ್ನೂ ಕೆಳಗೆ. ಮೂರನೆಯ ಸಲ ರಾಜಮಾ ನನ್ನ ಮುಂಗೈಯನ್ನು ನೋಯುವಂತೆ ಹಿಡಿದರು.

‘ರೆಕ್ಕಿ! ಒಂದ ರೆಕ್ಕಿ ಕಂಡ್ತು. ಹಸರು. ಹೋತು.’

‘ಮತ್ತ ತರ್ತೇನಿ, ನಿಂದ್ರು,’ ಎಂದರು ಸಾಬರು.

‘ಬ್ಯಾಡ್ರಿ. ನೋಡೂದು ಆತು,’ ರಾಜಮಾ ದನಿಯ ದಿಕ್ಕಿಗೆ ಕೈ ಚಾಚಿದರು. ‘ಆ ಪೆಟ್ಟಿಗಿ ನನ್ನ ಕೈಯಾಗ ಕೊಡ್ರಿ.’

ಸಾಬರು ತಲೆಯೆತ್ತಿ ನೋಡಿದರು. ಮೂರು ವರ್ಷದ ಕೆಲಸ ಮೇಲೆ ಹಾರುತ್ತಿತ್ತು. ಆಮೇಲೆ ಅದನ್ನು ಬಹಳ ಎತ್ತರಕ್ಕೆ ಕೊಂಡೊಯ್ದು, ನೇರ ಮಾಡಿ, ಎರಡೂ ಕಡ್ಡಿಗಳಿಂದ ಹೆಬ್ಬೆರಳು ತೆಗೆದರು. ವಿಮಾನ ಅಲುಗಲಿಲ್ಲ. ತನ್ನಷ್ಟಕ್ಕೆ, ಬಿಟ್ಟ ದಾರಿಯಲ್ಲೇ ಹೋಗುತ್ತಿತ್ತು. ಅವರು ಹೆಂಡತಿಯ ಹಿಂದೆ ನಿಂತು ಪೆಟ್ಟಿಗೆಯನ್ನು ಅವರ ಅಂಗೈಗಳಲ್ಲಿ ಇಟ್ಟರು.

‘ಬಲಗಡೆ ಕಡ್ಡಿ. ಮೆಲ್ಲಕ ಎಡಕ್ಕ ಒತ್ತು. ಮೆಲ್ಲಕ. ಹಾಂ. ಬಿಡು.’

ರಾಜಮಾ ಆಕಾಶ ನೋಡಲಿಲ್ಲ. ತಲೆ ತಗ್ಗಿಸಿ ಕಿವಿಗೊಟ್ಟು, ಸದ್ದು ಹೋದ ಕಡೆ ಮೈ ತಿರುಗಿಸುತ್ತ, ಕೂಳೆಯ ನಡುವೆ ಬರಿಗಾಲಲ್ಲಿ ನಿಂತಿದ್ದರು. ಮೇಲೆ ವಿಮಾನ ಅವರ ಹೆಬ್ಬೆರಳಿನ ಮಾತಿಗೆ ಬಾಗಿ ಹೊಳೆಯ ಮೇಲೆ ತಿರುಗಿತು. ‘ತಿರಗಾಕತ್ತೈತಿ, ಸದ್ದು ತಿರಗಾಕತ್ತೈತಿ,’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹೀಗೆ ಎರಡು ಸುತ್ತು. ಎರಡನೆಯದರಲ್ಲಿ ತುಸು ಹೆಚ್ಚೇ ಒತ್ತಿದರು. ಮೂಗು ಕೆಳಗಾಯಿತು, ಸಾಬರ ಕೈ ಪೆಟ್ಟಿಗೆಯ ಹತ್ತಿರ ಬಂದು ನಡುದಾರಿಯಲ್ಲೇ ನಿಂತಿತು. ರಾಜಮಾ ಸದ್ದು ಏರಿದ್ದನ್ನು ಕೇಳಿ ತಾವೇ ಸಡಿಲ ಬಿಟ್ಟರು. ವಿಮಾನ ತಲೆಯೆತ್ತಿತು.

‘ತಗೋರಿ,’ ಎಂದು ಪೆಟ್ಟಿಗೆಯನ್ನು ಗಂಡನಿಗೆ ಕೊಟ್ಟರು. ‘ಇಳಸೂದು ನೀವ ಇಳಸ್ರಿ.’

ಮುಂದಿನ ಜೂನಿನಲ್ಲಿ ನನಗೆ ವರ್ಗವಾಯಿತು. ಎರಡು ವರ್ಷ ಕಳೆಯುವುದರೊಳಗೆ ರಾಜಮಾರ ನೋಟ ಪೂರ್ತಿ ಹೋಯಿತೆಂದು ಅವರೇ ಫೋನಿನಲ್ಲಿ ಹೇಳಿದರು. ಈಗಲೂ ಆಗಾಗ ಮಾತಾಡುತ್ತೇವೆ. ಶೆಡ್ಡಿನಲ್ಲಿ ಸಾಬರ ಎಂಜಿನ್ನುಗಳ ಮೇಲೆ ಅಂಗೈ ಇಟ್ಟು ಎಲ್ಲಿ ಸಡಿಲಿದೆ ಎಂದು ಹೇಳುವ ಕೆಲಸ ಅವರದೇ ಅಂತೆ.

ಆದರೆ ನನಗೆ ಆ ಬೆಳಿಗ್ಗೆಯೇ ಹೆಚ್ಚು ನೆನಪಾಗುತ್ತದೆ. ವಿಮಾನ ಇಳಿದು, ಎಂಜಿನ್ನು ನಿಂತು, ಹೊಳೆಯ ಕಡೆಯ ಮೌನ ಮತ್ತೆ ಹೊಲಕ್ಕೆ ಬಂದಾಗ ರಾಜಮಾ ನನ್ನ ಕಡೆ ತಿರುಗಿದರು. ವಿಜಯಪುರದ ಬೆಂಚಿನ ಮೇಲೆ ಕಂಡಿದ್ದ ಅದೇ ಮುಖ.

‘ಬಾಯಾರ, ಖರೇ ಹೇಳ್ರಿ. ನಾ ತಿರಗಿಸಿದ್ದು ಹೆಂಗಿತ್ತು?’

ದಾವಲಸಾಬರು ನನಗೆ ಕಣ್ಣು ಮಿಟುಕಿಸಿ ‘ಚೆಂದಿತ್ತು ಅನ್ರಿ’ ಎನ್ನುವಂತೆ ಸನ್ನೆ ಮಾಡುತ್ತಿದ್ದರು.

‘ಮೊದಲನೇದು ಚಲೋ ಇತ್ತು,’ ಅಂದೆ. ‘ಎರಡನೇದು ಸೊಟ್ಟ ಆತ್ರಿ. ಮೂಗು ಕೆಳಗ ಹೋತು. ಸಾಬರು ಹೆದರಿ ಬಿಳಿ ಆಗಿದ್ರು.’

ರಾಜಮಾ ನಕ್ಕರು. ನಗು ತಡೆಯಲಾಗದೆ ಕೂಳೆಯ ಮೇಲೇ ಕುಸಿದು ಕೂತರು. ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲೇ ಕೂಡಿಸಿಕೊಂಡರು.